ಸ್ಪ್ಯಾನಿಷ್ ನಿಯಮಿತ ಕ್ರಿಯಾಪದಗಳ ವರ್ತಮಾನ ಕಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಕ್ರಿಯಾಪದಗಳ ಟೇಬಲ್ ಎದುರಾಗುತ್ತದೆ. ಒಂದೊಂದು ಪದಕ್ಕೂ ಆರಾರು ರೂಪ. ನೋಡಿದ ಕೂಡಲೇ ಭಯವಾಗುವುದು ಸಹಜ. ಆದರೆ ಕನ್ನಡ ಮಾತಾಡುವವರು ದಿನವಿಡೀ ಇದೇ ಕೆಲಸ ಮಾಡುತ್ತಾರೆ. ‘ಬರುತ್ತೇನೆ’ ಅಂದರೆ ನಾನು. ‘ಬರುತ್ತೀಯ’ ಅಂದರೆ ನೀನು. ‘ಬರುತ್ತೇವೆ’ ಅಂದರೆ ನಾವು. ಕ್ರಿಯಾಪದದ ಕೊನೆ ಕೇಳಿಯೇ ಯಾರು ಅಂತ ಗೊತ್ತಾಗುತ್ತದೆ, ಅಲ್ವಾ? ಸ್ಪ್ಯಾನಿಷ್ ಕೂಡ ಹೀಗೇ ನಡೆಯುತ್ತದೆ. ಅದಕ್ಕೇ ಇಲ್ಲಿ ಪ್ರತಿ ವಿಷಯವನ್ನೂ ಕನ್ನಡದ ಪಕ್ಕ ಇಟ್ಟು ನೋಡಿದ್ದೇನೆ. ಕೆಲವು ಕಡೆ ಕನ್ನಡದ ಅಭ್ಯಾಸ ನಮ್ಮನ್ನು ತಪ್ಪು ದಾರಿಗೂ ಎಳೆಯುತ್ತದೆ. ಅಂಥ ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಂತಿದ್ದೇನೆ.

ಕನ್ನಡ ಲಿಪಿಯಲ್ಲಿ ಬರೆದ ಸ್ಪ್ಯಾನಿಷ್ ಪದಗಳನ್ನು ಹೇಗೆ ಓದಬೇಕು?

ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ: ಅ, ಎ, ಇ, ಒ, ಉ. ಐದೂ ಕನ್ನಡದಲ್ಲಿವೆ. ಕನ್ನಡದ ಹಾಗೆ ಹ್ರಸ್ವ, ದೀರ್ಘ ಅಂತ ಎರಡು ಬಗೆ ಅಲ್ಲಿಲ್ಲ. ಬದಲಿಗೆ ಪ್ರತಿ ಪದದಲ್ಲೂ ಒಂದು ಕಡೆ ಒತ್ತು ಬೀಳುತ್ತದೆ. ಇಲ್ಲಿ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ‘ಆಬ್ಲೊ’ ಅಂತ ಕಂಡರೆ ಒತ್ತು ಮೊದಲಲ್ಲಿ, ‘ಅಬ್ಲೋ’ ಅಂತ ಕಂಡರೆ ಒತ್ತು ಕೊನೆಯಲ್ಲಿ. ಪದದ ಕೊನೆಯ ‘ಅ’ಕಾರವನ್ನು ನುಂಗದೆ ಪೂರ್ತಿ ಹೇಳಿ.

ಇನ್ನೆರಡು ವಿಷಯ ನೆನಪಿರಲಿ. ಬರಹದಲ್ಲಿ ಎಚ್ ಅಕ್ಷರ ಇದ್ದರೂ ಅದಕ್ಕೆ ಉಚ್ಚಾರವಿಲ್ಲ. ಹಾಗಾಗಿಯೇ ‘ಮಾತಾಡು’ ಅನ್ನುವ ಪದ ‘ಹಬ್ಲಾರ್’ ಅಲ್ಲ, ‘ಅಬ್ಲಾರ್’. ಬಿ ಮತ್ತು ವಿ ಎರಡಕ್ಕೂ ಒಂದೇ ಉಚ್ಚಾರ. ‘ವಾಸಿಸು’ ಅನ್ನುವ ಪದವನ್ನು ಎರಡು ವಿ ಹಾಕಿ ಬರೆಯುತ್ತಾರೆ, ಬಾಯಲ್ಲಿ ಅದು ‘ಬಿಬೀರ್’.

ನಿಯಮಿತ ಕ್ರಿಯಾಪದ ಅಂದರೆ ಯಾವುದು?

ನಿಘಂಟು ತೆಗೆದರೆ ಸ್ಪ್ಯಾನಿಷ್ ಕ್ರಿಯಾಪದಗಳೆಲ್ಲ ಮೂಲರೂಪದಲ್ಲಿ ಸಿಗುತ್ತವೆ. ಈ ಮೂಲರೂಪ ಮೂರೇ ರೀತಿಯಲ್ಲಿ ಮುಗಿಯುತ್ತದೆ: ‘ಆರ್’, ‘ಏರ್’ ಅಥವಾ ‘ಈರ್’. ಈ ಕೊನೆಯನ್ನು ಕಿತ್ತರೆ ಉಳಿಯುವುದು ಧಾತು. ‘ಅಬ್ಲಾರ್’ನಿಂದ ‘ಆರ್’ ತೆಗೆದರೆ ‘ಅಬ್ಲ್’ ಉಳಿಯುತ್ತದೆ. ಅದಕ್ಕೆ ಬೇಕಾದ ಪ್ರತ್ಯಯ ಹಚ್ಚಿದರೆ ರೂಪ ಸಿದ್ಧ. ಧಾತು ಬದಲಾಗದೆ, ತನ್ನ ಗುಂಪಿನ ಪ್ರತ್ಯಯಗಳನ್ನೇ ಹಚ್ಚಿಕೊಂಡರೆ ಅದು ನಿಯಮಿತ ಕ್ರಿಯಾಪದ.

ಮೂರು ಗುಂಪು ಯಾಕೆ? ಒಂದೇ ಸಾಕಾಗುತ್ತಿರಲಿಲ್ಲವಾ?

ಇದು ಲ್ಯಾಟಿನ್‌ನಿಂದ ಬಂದ ಆಸ್ತಿ. ಲ್ಯಾಟಿನ್‌ನಲ್ಲಿ ನಾಲ್ಕು ಗುಂಪುಗಳಿದ್ದವು. ಅದರಲ್ಲಿ ನಡುವಿನ ಎರಡು ಕಾಲಕ್ರಮದಲ್ಲಿ ಒಂದಕ್ಕೊಂದು ಬೆರೆತವು. ಆ ಪದಗಳು ಹೆಚ್ಚಾಗಿ ‘ಏರ್’ ಗುಂಪಿಗೆ ಬಂದವು, ಕೆಲವು ‘ಈರ್’ ಗುಂಪಿಗೆ ಸೇರಿದವು. ಆಂತೋನಿಯೊ ದೆ ನೆಬ್ರೀಹ 1492ರಲ್ಲಿ ಸ್ಪ್ಯಾನಿಷ್ ವ್ಯಾಕರಣ ಬರೆದಾಗಲೂ ಈ ಮೂರು ಗುಂಪುಗಳನ್ನೇ ಹೇಳಿದ್ದ.

ಮೂರೂ ಒಂದೇ ಗಾತ್ರದವಲ್ಲ. ‘ಆರ್’ ಗುಂಪು ಉಳಿದೆರಡಕ್ಕಿಂತ ತುಂಬಾ ದೊಡ್ಡದು. ಭಾಷೆಗೆ ಹೊಸದಾಗಿ ಬರುವ ಕ್ರಿಯಾಪದಗಳೂ ಇಲ್ಲಿಗೇ ಸೇರುತ್ತವೆ. ಚಾಟ್ ಮಾಡುವುದಕ್ಕೆ ಇಂದಿನ ಪದ ‘ಚತೆಯಾರ್’. ಅದರ ರೂಪಗಳೂ ನೂರಾರು ವರ್ಷ ಹಳೆಯ ‘ಅಬ್ಲಾರ್’ನ ಹಾಗೇ ಇವೆ: ‘ಚತೇಯೊ’, ‘ಚತೇಯಸ್’, ‘ಚತೇಯ’. ಆದ್ದರಿಂದ ಮೊದಲು ‘ಆರ್’ ಗುಂಪನ್ನೇ ಗಟ್ಟಿ ಮಾಡಿಕೊಳ್ಳಿ.

ಸರ್ವನಾಮಗಳು ಯಾವುವು?

ಯೋ: ನಾನು
ತೂ: ನೀನು
ಏಲ್: ಅವನು, ಏಯ: ಅವಳು, ಉಸ್ತೇದ್: ನೀವು (ಗೌರವದಿಂದ, ಒಬ್ಬರಿಗೆ)
ನೊಸೋತ್ರೊಸ್: ನಾವು (ಎಲ್ಲರೂ ಹೆಂಗಸರೇ ಆದರೆ ನೊಸೋತ್ರಸ್)
ಬೊಸೋತ್ರೊಸ್: ನೀವು (ಸಲಿಗೆಯಿಂದ, ಹಲವರಿಗೆ, ಎಲ್ಲರೂ ಹೆಂಗಸರೇ ಆದರೆ ಬೊಸೋತ್ರಸ್)
ಏಯೊಸ್, ಏಯಸ್: ಅವರು, ಉಸ್ತೇದೆಸ್: ನೀವು (ಹಲವರಿಗೆ)

ಒಂದೇ ಸಾಲಿನಲ್ಲಿ ಇರುವ ಸರ್ವನಾಮಗಳಿಗೆಲ್ಲ ಒಂದೇ ಕ್ರಿಯಾರೂಪ. ಆದ್ದರಿಂದ ಲೆಕ್ಕಕ್ಕೆ ಆರೇ ರೂಪ.

‘ಆರ್’ ಗುಂಪಿನ ರೂಪಗಳು ಹೇಗೆ?

‘ಅಬ್ಲಾರ್’, ಅಂದರೆ ಮಾತಾಡು:

ಯೋ ಆಬ್ಲೊ: ನಾನು ಮಾತಾಡುತ್ತೇನೆ
ತೂ ಆಬ್ಲಸ್: ನೀನು ಮಾತಾಡುತ್ತೀಯ
ಏಲ್ ಆಬ್ಲ: ಅವನು ಮಾತಾಡುತ್ತಾನೆ
ನೊಸೋತ್ರೊಸ್ ಅಬ್ಲಾಮೊಸ್: ನಾವು ಮಾತಾಡುತ್ತೇವೆ
ಬೊಸೋತ್ರೊಸ್ ಅಬ್ಲಾಯ್ಸ್: ನೀವು ಮಾತಾಡುತ್ತೀರಿ
ಏಯೊಸ್ ಆಬ್ಲನ್: ಅವರು ಮಾತಾಡುತ್ತಾರೆ

ಪ್ರತ್ಯಯಗಳನ್ನಷ್ಟೇ ಹೇಳಿದರೆ: ಒ, ಅಸ್, ಅ, ಆಮೊಸ್, ಆಯ್ಸ್, ಅನ್. ಇಡೀ ಗುಂಪಿನಲ್ಲಿ ‘ಅ’ಕಾರ ತುಂಬಿಕೊಂಡಿದೆ. ‘ನಾನು’ ಅನ್ನುವ ರೂಪ ಮಾತ್ರ ‘ಒ’. ಇದೇ ಅಚ್ಚಿನಲ್ಲಿ ಇವನ್ನೂ ಹೇಳಿ ನೋಡಿ: ‘ತ್ರಬಹಾರ್’ (ಕೆಲಸ ಮಾಡು), ‘ಎಸ್ತುದ್ಯಾರ್’ (ಓದು, ವ್ಯಾಸಂಗ ಮಾಡು), ‘ಕಂತಾರ್’ (ಹಾಡು), ‘ಕಮಿನಾರ್’ (ನಡೆ), ‘ಬುಸ್ಕಾರ್’ (ಹುಡುಕು), ‘ಅಯುದಾರ್’ (ಸಹಾಯ ಮಾಡು).

‘ಏರ್’ ಮತ್ತು ‘ಈರ್’ ಗುಂಪುಗಳಿಗೆ ಏನು ವ್ಯತ್ಯಾಸ?

‘ಕೊಮೇರ್’ (ತಿನ್ನು): ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್.

‘ಬಿಬೀರ್’ (ಬದುಕು, ವಾಸಿಸು): ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬಿಬೀಸ್, ಬೀಬೆನ್.

ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಓದಿ. ವ್ಯತ್ಯಾಸ ಇರುವುದು ಎರಡೇ ಜಾಗದಲ್ಲಿ. ‘ನಾವು’ ರೂಪದಲ್ಲಿ ಒಂದಕ್ಕೆ ‘ಏಮೊಸ್’, ಇನ್ನೊಂದಕ್ಕೆ ‘ಈಮೊಸ್’. ‘ಬೊಸೋತ್ರೊಸ್’ ರೂಪದಲ್ಲಿ ಒಂದಕ್ಕೆ ‘ಏಯ್ಸ್’, ಇನ್ನೊಂದಕ್ಕೆ ‘ಈಸ್’. ಉಳಿದ ನಾಲ್ಕೂ ಒಂದೇ. ‘ಬಿಬೀರ್’ನಲ್ಲಿ ‘ಇ’ ಇದೆ ಅಂತ ‘ಬೀಬಿಸ್’, ‘ಬೀಬಿ’ ಅನ್ನಲು ಬಾಯಿ ಓಡುತ್ತದೆ. ಅಲ್ಲಿ ತಡೆಯಿರಿ. ಒತ್ತಿಲ್ಲದ ಕೊನೆಯಲ್ಲಿ ಬರುವುದು ‘ಎ’.

‘ಏರ್’ ಗುಂಪಿನಲ್ಲಿ ಮೊದಲು ಬೇಕಾಗುವವು ‘ಬೆಬೇರ್’ (ಕುಡಿ), ‘ಲೆಯೇರ್’ (ಓದು), ‘ಅಪ್ರೆಂದೇರ್’ (ಕಲಿ), ‘ಬೆಂದೇರ್’ (ಮಾರು). ‘ಈರ್’ ಗುಂಪಿನಲ್ಲಿ ‘ಎಸ್ಕ್ರಿಬೀರ್’ (ಬರೆ), ‘ಅಬ್ರೀರ್’ (ತೆರೆ), ‘ಸುಬೀರ್’ (ಹತ್ತು), ‘ರೆಸಿಬೀರ್’ (ಪಡೆ).

ಹದಿನೆಂಟು ಪ್ರತ್ಯಯಗಳನ್ನೂ ಬಾಯಿಪಾಠ ಮಾಡಬೇಕಾ?

ಬೇಡ. ಮೂರು ಗುಂಪು, ಆರು ರೂಪ, ಹಾಗಾಗಿ 18 ಅಂತ ಕಾಣುತ್ತದೆ. ಒಂದೇ ಥರ ಇರುವುದನ್ನು ಬಿಟ್ಟು ಎಣಿಸಿದರೆ 13 ಮಾತ್ರ. ‘ಬೊಸೋತ್ರೊಸ್’ ಬಳಸದ ದೇಶಗಳ ಸ್ಪ್ಯಾನಿಷ್ ನೀವು ಕಲಿಯುತ್ತಿದ್ದರೆ ಅದು 10ಕ್ಕೆ ಇಳಿಯುತ್ತದೆ.

ಅದರಲ್ಲೂ ಒಂದು ಕ್ರಮವಿದೆ. ‘ನಾನು’ ಅಂದರೆ ಮೂರೂ ಗುಂಪಿನಲ್ಲಿ ಕೊನೆಗೆ ‘ಒ’. ‘ನೀನು’ ಅಂದರೆ ಕೊನೆಗೆ ‘ಸ್’. ‘ನಾವು’ ಅಂದರೆ ‘ಮೊಸ್’. ‘ಅವರು’ ಅಂದರೆ ‘ನ್’. ‘ಅವನು’, ‘ಅವಳು’ ಅಂದರೆ ಬರೀ ಸ್ವರ. ಇಷ್ಟು ಕಿವಿಗೆ ಹತ್ತಿದರೆ, ಅರ್ಥ ಗೊತ್ತಿಲ್ಲದ ಕ್ರಿಯಾಪದ ಕೇಳಿದರೂ ಯಾರ ಬಗ್ಗೆ ಮಾತು ಅನ್ನುವುದು ತಿಳಿಯುತ್ತದೆ.

ಪ್ರತಿ ಸಲ ‘ಯೋ’, ‘ತೂ’ ಅಂತ ಹೇಳಬೇಕಾ?

ಹೇಳಬೇಕಾಗಿಲ್ಲ. ಹೇಳದಿರುವುದೇ ಹೆಚ್ಚು ಸಹಜ. ಕನ್ನಡದಲ್ಲಿ ‘ನಾಳೆ ಬರುತ್ತೇನೆ’ ಅಂದರೆ ಸಾಕು. ಪ್ರತಿ ವಾಕ್ಯಕ್ಕೂ ‘ನಾನು’ ಸೇರಿಸಿದರೆ ಮಾತು ಭಾರವಾಗುತ್ತದೆ. ಸ್ಪ್ಯಾನಿಷ್‌ನಲ್ಲೂ ‘ಆಬ್ಲೊ ಎಸ್ಪನ್ಯೋಲ್’ ಅಂದರೆ ‘ಸ್ಪ್ಯಾನಿಷ್ ಮಾತಾಡುತ್ತೇನೆ’ ಅಂತ ಪೂರ್ತಿ ವಾಕ್ಯವೇ.

ಸರ್ವನಾಮ ಬೇಕಾಗುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ. ಒಂದು, ಹೋಲಿಸಿ ಹೇಳುವಾಗ: ‘ಯೋ ತ್ರಬಾಹೊ, ತೂ ದೆಸ್ಕಾನ್ಸಸ್’. ಅಂದರೆ ನಾನು ಕೆಲಸ ಮಾಡುತ್ತೇನೆ, ನೀನು ವಿಶ್ರಾಂತಿ ತಗೊಳ್ಳುತ್ತೀಯ. ಇನ್ನೊಂದು, ಗೊಂದಲ ಆಗುವಾಗ. ‘ಆಬ್ಲ’ ಅನ್ನುವುದು ಅವನಿಗೂ ಹೌದು, ಅವಳಿಗೂ ಹೌದು, ಗೌರವದ ನೀವು ಅನ್ನುವುದಕ್ಕೂ ಹೌದು. ಯಾರು ಅಂತ ಮಾತಿನಲ್ಲಿ ಮೊದಲೇ ಬಂದಿಲ್ಲದಿದ್ದರೆ ಹೆಸರನ್ನೋ ಸರ್ವನಾಮವನ್ನೋ ಸೇರಿಸಬೇಕು.

ಗಂಡು, ಹೆಣ್ಣು, ವಸ್ತು ಅಂತ ಕ್ರಿಯಾಪದ ಬದಲಾಗುತ್ತದಾ?

ಇಲ್ಲ. ಇದೊಂದು ದೊಡ್ಡ ಅನುಕೂಲ. ಕನ್ನಡದಲ್ಲಿ ‘ಬರುತ್ತಾನೆ’, ‘ಬರುತ್ತಾಳೆ’, ‘ಬರುತ್ತದೆ’ ಅಂತ ಮೂರು ರೂಪ. ಸ್ಪ್ಯಾನಿಷ್‌ನಲ್ಲಿ ಮೂರಕ್ಕೂ ಒಂದೇ. ‘ಯೆಗಾರ್’ ಅಂದರೆ ಬಂದು ತಲುಪು. ಅವನು ಬಂದರೂ ‘ಯೇಗ’, ಅವಳು ಬಂದರೂ ‘ಯೇಗ’, ರೈಲು ಬಂದರೂ ‘ಎಲ್ ತ್ರೇನ್ ಯೇಗ’.

‘ಉಸ್ತೇದ್’ ಅಂದರೆ ‘ನೀವು’. ಹಾಗಾದರೆ ಅದಕ್ಕೆ ‘ಅವನು’ ರೂಪ ಯಾಕೆ?

‘ಉಸ್ತೇದ್’ ಹುಟ್ಟಿದ್ದು ‘ಬ್ವೇಸ್ತ್ರ ಮೆರ್ಸೇದ್’ ಅನ್ನುವ ಹಳೆಯ ಗೌರವದ ಮಾತಿನಿಂದ. ದೊಡ್ಡವರನ್ನು ನೇರವಾಗಿ ‘ನೀನು’ ಅನ್ನದೆ, ‘ತಮ್ಮ ಕೃಪೆ’ ಅಂತ ಬೇರೆಯವರ ಬಗ್ಗೆ ಹೇಳುವ ಹಾಗೆ ಮಾತಾಡಿಸುತ್ತಿದ್ದರು. ಕನ್ನಡದಲ್ಲೂ ಎದುರಿಗಿರುವವರನ್ನೇ ‘ಯಜಮಾನರು ಏನು ಹೇಳುತ್ತಾರೆ?’ ಅಂತ ಕೇಳುವುದುಂಟು. ಬಾಯಿಂದ ಬಾಯಿಗೆ ಸವೆದು ಅದು ‘ಉಸ್ತೇದ್’ ಆಯಿತು. ಕ್ರಿಯಾಪದ ಮಾತ್ರ ಹಾಗೇ ಉಳಿಯಿತು. ಆದ್ದರಿಂದ ‘ನೀವು ಎಲ್ಲಿ ಕೆಲಸ ಮಾಡುತ್ತೀರಿ?’ ಅನ್ನುವುದು ‘ದೋಂದೆ ತ್ರಬಾಹ ಉಸ್ತೇದ್?’ ಆಗುತ್ತದೆ.

‘ಅಪ್ಪ ಕೆಲಸ ಮಾಡುತ್ತಾರೆ’ ಅನ್ನುವುದಕ್ಕೆ ಬಹುವಚನ ಬಳಸಬೇಕಾ?

ಬಳಸಬಾರದು. ಕನ್ನಡದಿಂದ ಸ್ಪ್ಯಾನಿಷ್‌ಗೆ ಹೋಗುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗ ಇದು.

ಕನ್ನಡದಲ್ಲಿ ಗೌರವ ತೋರಿಸಬೇಕಾದರೆ ಒಬ್ಬರಿಗೂ ಬಹುವಚನ ಬಳಸುತ್ತೇವೆ. ಅಪ್ಪ ಬರುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಡಾಕ್ಟರು ನೋಡುತ್ತಾರೆ. ಇದು ಎಷ್ಟು ಒಳಗೆ ಇಳಿದಿದೆಯೆಂದರೆ, ನಾವು ಬಹುವಚನ ಬಳಸುತ್ತಿದ್ದೇವೆ ಅನ್ನುವುದೇ ನಮಗೆ ತಿಳಿಯುವುದಿಲ್ಲ. ಅದೇ ಅಭ್ಯಾಸದಲ್ಲಿ ‘ಮಿ ಪಾದ್ರೆ ತ್ರಬಾಹನ್’ ಅಂದುಬಿಡುವ ಅಪಾಯವಿದೆ. ಸ್ಪ್ಯಾನಿಷ್ ಕಿವಿಗೆ ಅದು ಸುಮ್ನೆ ತಪ್ಪಾಗಿ ಕೇಳುತ್ತದೆ, ಗೌರವ ಕೇಳಿಸುವುದಿಲ್ಲ. ಸರಿಯಾದದ್ದು ‘ಮಿ ಪಾದ್ರೆ ತ್ರಬಾಹ’. ಅಪ್ಪ ಒಬ್ಬರೇ, ಆದ್ದರಿಂದ ಏಕವಚನ. ಅಜ್ಜಿಯೇ ಇರಲಿ, ರಾಜನೇ ಇರಲಿ, ಒಬ್ಬರಿದ್ದರೆ ಏಕವಚನವೇ. ಅದರಲ್ಲಿ ಯಾವ ಅಗೌರವವೂ ಇಲ್ಲ.

ಗೌರವ ಕ್ರಿಯಾಪದದಲ್ಲಿ ಕಾಣುವುದು ಎದುರಿಗಿರುವವರ ಜೊತೆ ಮಾತಾಡುವಾಗ. ಅಲ್ಲೂ ‘ತೂ’ ಬಿಟ್ಟು ‘ಉಸ್ತೇದ್’ ಆರಿಸಿಕೊಳ್ಳುತ್ತೇವೆ, ವಚನ ಏಕವಚನವೇ ಇರುತ್ತದೆ. ಇಲ್ಲದವರ ಬಗ್ಗೆ ಹೇಳುವಾಗ ‘ತಲೆ ಎಷ್ಟು?’ ಅನ್ನುವ ಪ್ರಶ್ನೆಯನ್ನಷ್ಟೇ ಕೇಳಿಕೊಳ್ಳಿ.

ಇದರ ಪಕ್ಕದಲ್ಲೇ ಇನ್ನೊಂದು ಬಲೆ ಇದೆ. ಕನ್ನಡದಲ್ಲಿ ‘ಜನ ಮಾತಾಡುತ್ತಾರೆ’ ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಜನ ಅನ್ನುವುದಕ್ಕೆ ‘ಲ ಹೇಂತೆ’. ಅದು ಏಕವಚನದ ಪದ. ಎಷ್ಟೇ ಜನ ಸೇರಿದ್ದರೂ ‘ಲ ಹೇಂತೆ ಆಬ್ಲ’.

‘ಬೊಸೋತ್ರೊಸ್’ ಕಲಿಯಲೇಬೇಕಾ?

ನೀವು ಯಾರ ಜೊತೆ ಮಾತಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಸ್ಪೇನ್‌ನ ಬಹುಭಾಗದಲ್ಲಿ ಗೆಳೆಯರ ಗುಂಪಿಗೆ, ಮಕ್ಕಳಿಗೆ, ಮನೆಯವರಿಗೆ ‘ಬೊಸೋತ್ರೊಸ್’ ಅನ್ನುತ್ತಾರೆ. ಲ್ಯಾಟಿನ್ ಅಮೆರಿಕದ ಮಾತಿನಲ್ಲಿ ಅದಿಲ್ಲ. ಅಲ್ಲಿ ಸಲಿಗೆಯಿದ್ದರೂ ಗೌರವವಿದ್ದರೂ ಹಲವರಿಗೆ ‘ಉಸ್ತೇದೆಸ್’ ಒಂದೇ. ಸ್ಪೇನ್‌ಗೇ ಸೇರಿದ ಕ್ಯಾನರಿ ದ್ವೀಪಗಳಲ್ಲೂ ಹೆಚ್ಚಾಗಿ ಹೀಗೇ. ಮೆಕ್ಸಿಕೊ, ಪೆರು, ಕೊಲಂಬಿಯಾ ಕಡೆಯವರ ಜೊತೆ ನಿಮ್ಮ ಒಡನಾಟವಿದ್ದರೆ ‘ಅಬ್ಲಾಯ್ಸ್’ ಕೇಳಿದಾಗ ಅರ್ಥವಾದರೆ ಸಾಕು, ಆಡಲು ಬರಬೇಕಾಗಿಲ್ಲ. ಸ್ಪೇನ್‌ಗೆ ಹೋಗುವವರು ಮಾತ್ರ ಬಿಡದೆ ಕಲಿಯಿರಿ.

ಅರ್ಜೆಂಟೀನಾದವರು ‘ಆಬ್ಲಸ್’ ಬದಲು ‘ಅಬ್ಲಾಸ್’ ಅನ್ನುತ್ತಾರೆ. ಅದು ತಪ್ಪಾ?

ತಪ್ಪಲ್ಲ. ಅಲ್ಲಿ ‘ನೀನು’ ಅನ್ನುವುದಕ್ಕೆ ‘ತೂ’ ಬದಲು ‘ಬೋಸ್’ ಅನ್ನುತ್ತಾರೆ. ಅದಕ್ಕೆ ಅದರದೇ ರೂಪಗಳಿವೆ: ಅಬ್ಲಾಸ್, ಕೊಮೇಸ್, ಬಿಬೀಸ್. ಮೂಲರೂಪದ ಕೊನೆಯ ‘ರ್’ ತೆಗೆದು ‘ಸ್’ ಇಡಿ, ಒತ್ತು ಇದ್ದಲ್ಲೇ ಇರಲಿ. ಅಷ್ಟೇ. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ದೇಶಗಳಲ್ಲಿ ಮತ್ತು ಮಧ್ಯ ಅಮೆರಿಕದ ಹಲವು ಕಡೆ ‘ಬೋಸ್’ ದಿನನಿತ್ಯದ ಮಾತು. ನನ್ನ ಕೇಳಿದರೆ ಆರೂ ರೂಪಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

ಒತ್ತು ತಪ್ಪಾದರೆ ಏನಾಗುತ್ತದೆ?

ಅರ್ಥವೇ ಬದಲಾಗುತ್ತದೆ. ‘ಆಬ್ಲೊ’ ಅಂದರೆ ನಾನು ಮಾತಾಡುತ್ತೇನೆ. ‘ಅಬ್ಲೋ’ ಅಂದರೆ ಅವನು ಮಾತಾಡಿದ. ಅಕ್ಷರಗಳು ಅವೇ, ಒತ್ತು ಜಾಗ ಬದಲಿಸಿದೆ. ಬರೆಯುವಾಗ ಎರಡನೆಯದರ ಕೊನೆಯ ಸ್ವರದ ಮೇಲೆ ಓರೆಗೆರೆ ಹಾಕುತ್ತಾರೆ. ಆ ಗೆರೆ ಅಲಂಕಾರಕ್ಕಲ್ಲ, ಬಿಟ್ಟರೆ ಕಾಲವೂ ವ್ಯಕ್ತಿಯೂ ಎರಡೂ ಬದಲಾಗುತ್ತವೆ.

ವರ್ತಮಾನ ಕಾಲದಲ್ಲಿ ಒತ್ತಿನ ನಿಯಮ ಸರಳ. ನಾನು, ನೀನು, ಅವನು, ಅವರು ಈ ನಾಲ್ಕರಲ್ಲಿ ಒತ್ತು ಧಾತುವಿನ ಮೇಲೆ: ಆಬ್ಲೊ, ಆಬ್ಲಸ್, ಆಬ್ಲ, ಆಬ್ಲನ್. ‘ನಾವು’ ಮತ್ತು ‘ಬೊಸೋತ್ರೊಸ್’ ಎರಡರಲ್ಲಿ ಒತ್ತು ಪ್ರತ್ಯಯಕ್ಕೆ ಜಾರುತ್ತದೆ: ಅಬ್ಲಾಮೊಸ್, ಅಬ್ಲಾಯ್ಸ್. ನಿಯಮಿತ ಪದಗಳಲ್ಲಿ ಗೆರೆ ಸಾಮಾನ್ಯವಾಗಿ ‘ಬೊಸೋತ್ರೊಸ್’ ರೂಪದಲ್ಲಿ ಮಾತ್ರ ಕಾಣುತ್ತದೆ.

ಹಾಗಾದರೆ ‘ಕಳಿಸುತ್ತೇನೆ’ ಅನ್ನುವುದಕ್ಕೆ ಗೆರೆ ಯಾಕೆ ಬರುತ್ತದೆ?

ಒಳ್ಳೆಯ ಪ್ರಶ್ನೆ. ‘ಎಂಬಿಯಾರ್’ ಅಂದರೆ ಕಳಿಸು. ಅದು ‘ಎಂಬೀಯೊ’, ‘ಎಂಬೀಯಸ್’, ‘ಎಂಬೀಯ’, ‘ಎಂಬೀಯನ್’ ಅಂತ ಒತ್ತನ್ನು ‘ಇ’ ಮೇಲೆ ತಗೊಳ್ಳುತ್ತದೆ, ಅಲ್ಲಿ ಗೆರೆಯೂ ಬೀಳುತ್ತದೆ. ‘ಎಸ್ತುದ್ಯಾರ್’ ಕೂಡ ಬರಹದಲ್ಲಿ ಹಾಗೇ ಮುಗಿಯುವ ಪದ. ಆದರೆ ಅದು ‘ಎಸ್ತೂದ್ಯೊ’ ಆಗುತ್ತದೆ. ಮೂಲರೂಪ ನೋಡಿ ಯಾವುದು ಯಾವ ಕಡೆ ಅಂತ ಹೇಳಲು ಬರುವುದಿಲ್ಲ. ಇಂಥ ಪದ ಸಿಕ್ಕಾಗೆಲ್ಲ ‘ನಾನು’ ರೂಪವನ್ನೂ ಜೊತೆಗೇ ಕಲಿಯಿರಿ.

ಇಲ್ಲ ಅನ್ನುವುದು, ಪ್ರಶ್ನೆ ಕೇಳುವುದು ಹೇಗೆ?

ಕ್ರಿಯಾಪದದ ಮುಂದೆ ‘ನೋ’ ಇಟ್ಟರೆ ಇಲ್ಲ ಅಂತ ಆಯಿತು: ‘ನೋ ಆಬ್ಲೊ’, ‘ನೋ ಆಬ್ಲಸ್’, ‘ನೋ ಆಬ್ಲ’.

ಇಲ್ಲಿ ಕನ್ನಡದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ‘ಮಾತಾಡುವುದಿಲ್ಲ’ ಅಂದ ಕೂಡಲೇ ಪ್ರತ್ಯಯ ಮಾಯ. ನಾನು ಮಾತಾಡುವುದಿಲ್ಲ, ನೀನು ಮಾತಾಡುವುದಿಲ್ಲ, ಅವರು ಮಾತಾಡುವುದಿಲ್ಲ. ಎಲ್ಲರಿಗೂ ಒಂದೇ ರೂಪ. ಆದ್ದರಿಂದಲೇ ಇಲ್ಲ ಅನ್ನುವಾಗ ಯಾರು ಅಂತ ಹೇಳಬೇಕಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಪ್ರತ್ಯಯ ಎಲ್ಲೂ ಹೋಗುವುದಿಲ್ಲ. ‘ನೋ’ ಬಂದರೂ ಆರು ರೂಪ ಆರಾಗಿಯೇ ಇರುತ್ತವೆ. ಹೌದು ಅನ್ನುವ ವಾಕ್ಯಗಳನ್ನಷ್ಟೇ ರೂಢಿ ಮಾಡಿಕೊಂಡವರು ಇಲ್ಲ ಅನ್ನುವಾಗ ತಡವರಿಸುತ್ತಾರೆ. ಎರಡನ್ನೂ ಒಟ್ಟಿಗೆ ಹೇಳಿ ಅಭ್ಯಾಸ ಮಾಡಿ.

ಪ್ರಶ್ನೆಗೆ ಬೇರೆ ರೂಪವಿಲ್ಲ. ಕನ್ನಡದ ‘ಮಾತಾಡುತ್ತೀಯಾ?’ದಲ್ಲಿ ಬರುವ ‘ಆ’ಕಾರದ ಹಾಗೆ ಏನನ್ನೂ ಸೇರಿಸುವುದಿಲ್ಲ. ‘ಆಬ್ಲಸ್ ಎಸ್ಪನ್ಯೋಲ್?’ ಅಂತ ದನಿ ಏರಿಸಿದರೆ ಸಾಕು. ಬರೆಯುವಾಗ ವಾಕ್ಯದ ಮೊದಲಲ್ಲಿ ತಲೆಕೆಳಗಾದ ಪ್ರಶ್ನೆ ಚಿಹ್ನೆ, ಕೊನೆಯಲ್ಲಿ ನೆಟ್ಟಗಿನದು. ಓದುವವರಿಗೆ ದನಿ ಎಲ್ಲಿಂದ ಏರಬೇಕು ಅಂತ ಮೊದಲೇ ತಿಳಿಯುತ್ತದೆ. ತುಂಬಾ ಒಳ್ಳೆಯ ಏರ್ಪಾಟು.

‘ಮಾಡುತ್ತೇನೆ’, ‘ಮಾಡುತ್ತಿದ್ದೇನೆ’ ಎರಡಕ್ಕೂ ಇದೇ ರೂಪವಾ?

ಬಹಳ ಸಲ ಹೌದು. ‘ಕೇ ಲೇಯೆಸ್?’ ಅಂದರೆ ‘ಏನು ಓದುತ್ತೀಯ?’ ಅಂತಲೂ ಆಗಬಹುದು, ಪುಸ್ತಕ ಹಿಡಿದು ಕೂತವರನ್ನು ನೋಡಿ ‘ಏನು ಓದುತ್ತಿದ್ದೀಯ?’ ಅಂತ ಕೇಳಿದ್ದೂ ಆಗಬಹುದು. ಈಗ, ಈ ಕ್ಷಣ ನಡೆಯುತ್ತಿದೆ ಅಂತ ಒತ್ತಿ ಹೇಳಬೇಕಾದರೆ ‘ಎಸ್ತೋಯ್ ಅಬ್ಲಾಂದೊ’ (ಮಾತಾಡುತ್ತಿದ್ದೇನೆ) ಅನ್ನುವ ಬೇರೆ ಕಟ್ಟು ಇದೆ.

ಮುಂದೆ ಆಗುವುದಕ್ಕೂ ವರ್ತಮಾನ ಕಾಲ ಸಲ್ಲುತ್ತದೆ, ಕನ್ನಡದ ಹಾಗೇ. ‘ಮನ್ಯಾನ ಬ್ಯಾಹೊ’ ಅಂದರೆ ನಾಳೆ ಪ್ರಯಾಣ ಮಾಡುತ್ತೇನೆ. ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವುದಕ್ಕೂ ಇದೇ: ‘ಬೀಬೊ ಅಕೀ ದೇಸ್ದೆ ಆಸೆ ಸೀಂಕೊ ಆನ್ಯೊಸ್’, ಐದು ವರ್ಷದಿಂದ ಇಲ್ಲಿದ್ದೇನೆ.

ಎರಡು ಕ್ರಿಯಾಪದ ಜೊತೆಗೆ ಬಂದರೆ?

ಮೊದಲನೆಯದಕ್ಕೆ ಮಾತ್ರ ಪ್ರತ್ಯಯ. ಎರಡನೆಯದು ಮೂಲರೂಪದಲ್ಲೇ ಇರುತ್ತದೆ. ‘ನೆಸೆಸೀತೊ ಎಸ್ತುದ್ಯಾರ್’: ನಾನು ಓದಬೇಕಾಗಿದೆ. ‘ದೇಬೆಸ್ ಲೆಯೇರ್’: ನೀನು ಓದಬೇಕು.

‘ನಾನೂ ನೀನೂ’ ಅಂದರೆ ಯಾವ ರೂಪ?

ಕನ್ನಡದಲ್ಲಿ ಏನು ಮಾಡುತ್ತೀರೋ ಅದನ್ನೇ ಮಾಡಿ. ನಾನು ಸೇರಿದ್ದರೆ ‘ನಾವು’ ರೂಪ. ನಾನಿಲ್ಲದೆ ನೀನು ಸೇರಿದ್ದರೆ ‘ನೀವು’ ರೂಪ: ಸ್ಪೇನ್‌ನಲ್ಲಿ ‘ಬೊಸೋತ್ರೊಸ್’, ಲ್ಯಾಟಿನ್ ಅಮೆರಿಕದಲ್ಲಿ ‘ಉಸ್ತೇದೆಸ್’.

ಕೆಲವು ಪದಗಳ ‘ನಾನು’ ರೂಪದಲ್ಲಿ ಅಕ್ಷರ ಬದಲಾಗುತ್ತದೆ. ಅವು ಅನಿಯಮಿತವಾ?

ಅಕ್ಷರ ಬದಲಾದರೂ ಉಚ್ಚಾರ ಅದೇ ಇದ್ದರೆ ಚಿಂತೆ ಬೇಡ. ‘ಎಸ್ಕೊಹೇರ್’ (ಆರಿಸು) ಪದವನ್ನು ಜಿ ಅಕ್ಷರದಿಂದ ಬರೆಯುತ್ತಾರೆ, ‘ಎಸ್ಕೋಹೊ’ ರೂಪವನ್ನು ಜೆ ಅಕ್ಷರದಿಂದ. ಕಾರಣ ಇಷ್ಟೇ. ಸ್ಪ್ಯಾನಿಷ್ ಬರಹದಲ್ಲಿ ಜಿ ಮುಂದೆ ‘ಎ’, ‘ಇ’ ಬಂದರೆ ಅದು ‘ಹ’ ಆಗುತ್ತದೆ, ‘ಅ’, ‘ಒ’, ‘ಉ’ ಬಂದರೆ ‘ಗ’ ಆಗುತ್ತದೆ. ‘ಒ’ ಪ್ರತ್ಯಯ ಹಚ್ಚಿದ ಮೇಲೂ ‘ಹ’ ಉಳಿಯಬೇಕಾದರೆ ಅಕ್ಷರ ಬದಲಿಸಲೇಬೇಕು. ಕನ್ನಡ ಲಿಪಿಯಲ್ಲಿ ಬರೆದರೆ ಬದಲಾವಣೆ ಕಾಣುವುದೇ ಇಲ್ಲ, ನೋಡಿ. ‘ದಿರಿಹೀರ್’ (ನಡೆಸು) ‘ದಿರೀಹೊ’ ಆಗುವುದು, ‘ಬೆನ್ಸೇರ್’ (ಗೆಲ್ಲು) ‘ಬೇನ್ಸೊ’ ಆಗುವುದು, ‘ದಿಸ್ತಿಂಗೀರ್’ (ಗುರುತಿಸು) ‘ದಿಸ್ತೀಂಗೊ’ ಆಗುವುದು ಇದೇ ರೀತಿ.

‘ಕೊನೊಸೇರ್’ (ಪರಿಚಯವಿರು) ಹಾಗಲ್ಲ. ಅದು ‘ಕೊನೋಸ್ಕೊ’ ಆಗುತ್ತದೆ, ‘ಕ’ ಹೊಸದಾಗಿ ಸೇರಿದೆ. ಉಚ್ಚಾರವೇ ಬದಲಾದ್ದರಿಂದ ಇದು ಅನಿಯಮಿತ. ಆದರೆ ‘ನಾನು’ ರೂಪ ಬಿಟ್ಟರೆ ಉಳಿದ ಐದೂ ನಿಯಮಿತವೇ.

ಅನಿಯಮಿತ ಪದಗಳನ್ನು ಮೊದಲು ಕಲಿಯಬೇಕಾ, ನಿಯಮಿತ ಪದಗಳನ್ನಾ?

ಎರಡನ್ನೂ ಸೇರಿಸಿಕೊಂಡೇ ಹೋಗಬೇಕಾಗುತ್ತದೆ. ಯಾಕೆಂದರೆ ದಿನವೂ ಬೇಕಾಗುವ ಪದಗಳೇ ಅನಿಯಮಿತ: ‘ಸೋಯ್’ (ನಾನು ಇಂಥವನು ಅಥವಾ ಇಂಥವಳು), ‘ಎಸ್ತೋಯ್’ (ಇದ್ದೇನೆ), ‘ಬೋಯ್’ (ಹೋಗುತ್ತೇನೆ), ‘ತೇಂಗೊ’ (ನನ್ನ ಹತ್ತಿರ ಇದೆ), ‘ಆಗೊ’ (ಮಾಡುತ್ತೇನೆ). ಆದರೂ ನಿಯಮಿತ ಪ್ರತ್ಯಯಗಳು ಮೊದಲು ಗಟ್ಟಿಯಾಗಲಿ ಅನ್ನುವುದು ನನ್ನ ಅಭಿಪ್ರಾಯ. ಅನಿಯಮಿತ ಪದಗಳಲ್ಲೂ ಹೆಚ್ಚಿನವು ಅವೇ ಪ್ರತ್ಯಯಗಳನ್ನು ಬಳಸುತ್ತವೆ.

‘ಪೆನ್ಸಾರ್’ (ಯೋಚಿಸು) ನೋಡಿ: ಪ್ಯೇನ್ಸೊ, ಪ್ಯೇನ್ಸಸ್, ಪ್ಯೇನ್ಸ, ಪೆನ್ಸಾಮೊಸ್, ಪೆನ್ಸಾಯ್ಸ್, ಪ್ಯೇನ್ಸನ್. ಪ್ರತ್ಯಯ ಒಂದೂ ಬದಲಾಗಿಲ್ಲ. ಬದಲಾದದ್ದು ಧಾತುವಿನ ಸ್ವರ, ಅದೂ ಒತ್ತು ಬಿದ್ದ ನಾಲ್ಕು ರೂಪಗಳಲ್ಲಿ ಮಾತ್ರ. ‘ಪೊದೇರ್’ (ಸಾಧ್ಯವಾಗು) ಕೂಡ ಹಾಗೇ: ‘ಪ್ವೇದೊ’, ಆದರೆ ‘ಪೊದೇಮೊಸ್’. ಒತ್ತಿನ ನಿಯಮ ಗೊತ್ತಿದ್ದವರಿಗೆ ಇದರಲ್ಲಿ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

‘ನನ್ನ ಹೆಸರು’ ಅನ್ನಲು ‘ಮೆ ಯಾಮೊ’ ಅನ್ನುತ್ತಾರೆ. ಆ ‘ಮೆ’ ಏನು?

‘ಯಮಾರ್’ ಅಂದರೆ ಕರೆ. ‘ಯಮಾರ್ಸೆ’ ಅಂದರೆ ತನ್ನನ್ನು ಕರೆದುಕೊಳ್ಳು. ಕನ್ನಡದ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ಈ ಪುಟ್ಟ ಪದಗಳು ಮಾಡುತ್ತವೆ. ‘ಲಾಬೊ’ ಅಂದರೆ ತೊಳೆಯುತ್ತೇನೆ, ‘ಮೆ ಲಾಬೊ’ ಅಂದರೆ ತೊಳೆದುಕೊಳ್ಳುತ್ತೇನೆ. ಕ್ರಿಯಾಪದದ ಪ್ರತ್ಯಯ ಎಂದಿನಂತೆ, ಮುಂದಿನ ಪುಟ್ಟ ಪದ ಮಾತ್ರ ಜನಕ್ಕೆ ತಕ್ಕಂತೆ: ಮೆ ಯಾಮೊ, ತೆ ಯಾಮಸ್, ಸೆ ಯಾಮ, ನೊಸ್ ಯಮಾಮೊಸ್, ಒಸ್ ಯಮಾಯ್ಸ್, ಸೆ ಯಾಮನ್.

‘ನನಗೆ ಇಷ್ಟ’ ಅನ್ನುವುದಕ್ಕೆ ‘ಗೂಸ್ತೊ’ ಅನ್ನಬಹುದಾ?

ಅನ್ನಬಾರದು. ‘ಗುಸ್ತಾರ್’ ನಿಯಮಿತ ‘ಆರ್’ ಪದವೇ. ಆದರೆ ಅದನ್ನು ಬಳಸುವ ರೀತಿ ಬೇರೆ, ಮತ್ತು ಆ ರೀತಿ ಕನ್ನಡದವರಿಗೆ ಚೆನ್ನಾಗಿ ಗೊತ್ತು. ‘ಪುಸ್ತಕ ನನಗೆ ಇಷ್ಟವಾಗುತ್ತದೆ’ ಅನ್ನುತ್ತೇವೆ. ಕ್ರಿಯಾಪದ ಹೊಂದುವುದು ಪುಸ್ತಕಕ್ಕೆ, ನನಗಲ್ಲ. ಸ್ಪ್ಯಾನಿಷ್ ಅದನ್ನೇ ಮಾಡುತ್ತದೆ: ‘ಮೆ ಗೂಸ್ತ ಎಲ್ ಲೀಬ್ರೊ’. ‘ಮೆ’ ಅಂದರೆ ಇಲ್ಲಿ ‘ನನಗೆ’. ಪುಸ್ತಕಗಳು ಹಲವಾದರೆ ‘ಮೆ ಗೂಸ್ತನ್ ಲೊಸ್ ಲೀಬ್ರೊಸ್’. ನಿನಗೆ ಅನ್ನಲು ‘ತೆ ಗೂಸ್ತ’, ನಮಗೆ ಅನ್ನಲು ‘ನೊಸ್ ಗೂಸ್ತ’. ಇಷ್ಟಪಡುವವರು ಯಾರೇ ಇರಲಿ, ಇಷ್ಟವಾದದ್ದು ಒಂದಾ, ಹಲವಾ ಅಂತಷ್ಟೇ ನೋಡಿ.

‘ಅಬ್ಲಾಮೊಸ್’ ಅಂದರೆ ಮಾತಾಡಿದೆವು ಅಂತಲೂ ಆಗುತ್ತದಂತೆ. ಹೌದಾ?

ಹೌದು. ‘ಆರ್’ ಮತ್ತು ‘ಈರ್’ ಗುಂಪುಗಳಲ್ಲಿ ‘ನಾವು’ ರೂಪ ವರ್ತಮಾನಕ್ಕೂ ಭೂತಕಾಲಕ್ಕೂ ಒಂದೇ. ‘ಏರ್’ ಗುಂಪಿನಲ್ಲಿ ಬೇರೆ: ‘ಕೊಮೇಮೊಸ್’ ಅಂದರೆ ತಿನ್ನುತ್ತೇವೆ, ‘ಕೊಮೀಮೊಸ್’ ಅಂದರೆ ತಿಂದೆವು. ನಿನ್ನೆ ಅನ್ನುವ ‘ಅಯೇರ್’, ಇವತ್ತು ಅನ್ನುವ ‘ಓಯ್’ ಇಂಥ ಪದಗಳು ವಾಕ್ಯದಲ್ಲಿದ್ದರೆ ಗೊಂದಲ ಇರುವುದಿಲ್ಲ.

ಅಭ್ಯಾಸ ಹೇಗೆ ಮಾಡಬೇಕು?

ಟೇಬಲ್ಲನ್ನು ಮೇಲಿಂದ ಕೆಳಗೆ ಮಗ್ಗಿಯ ಹಾಗೆ ಹೇಳಿಕೊಂಡರೆ ಟೇಬಲ್ ಬರುತ್ತದೆ, ಮಾತು ಬರುವುದಿಲ್ಲ. ‘ನಾವು’ ರೂಪ ಬೇಕಾದಾಗ ‘ಯೋ’ದಿಂದ ಶುರು ಮಾಡಿ ಎಣಿಸುತ್ತಾ ಬರಬೇಕಾಗುತ್ತದೆ. ನಿಜವಾದ ಮಾತು ಪ್ರಶ್ನೆ ಮತ್ತು ಉತ್ತರದಲ್ಲಿ ನಡೆಯುತ್ತದೆ, ಆದ್ದರಿಂದ ರೂಪಗಳನ್ನು ಜೋಡಿಯಾಗಿ ಕಲಿಯಿರಿ. ‘ತ್ರಬಾಹಸ್?’ ಅಂದರೆ ‘ಸೀ, ತ್ರಬಾಹೊ’. ‘ಲೇಯೆಸ್?’ ಅಂದರೆ ‘ನೋ, ನೋ ಲೇಯೊ’. ಪ್ರಶ್ನೆಯಲ್ಲಿ ‘ಸ್’ ಕೇಳಿದರೆ ಉತ್ತರ ‘ಒ’. ‘ಉಸ್ತೇದೆಸ್’ಗೆ ಕೇಳಿದ ಪ್ರಶ್ನೆ ‘ನ್’ನಲ್ಲಿ ಮುಗಿದರೆ ಉತ್ತರ ‘ಮೊಸ್’: ‘ಬೀಬೆನ್ ಅಕೀ?’, ‘ಸೀ, ಬಿಬೀಮೊಸ್ ಅಕೀ’. ಮೂರು ಗುಂಪಿನಿಂದ ಎರಡೆರಡು ಪದ ತಗೊಂಡು, ಹೌದು ಮತ್ತು ಇಲ್ಲ ಎರಡೂ ಬರುವ ಹಾಗೆ, ಗಟ್ಟಿಯಾಗಿ ಬಾಯಿಬಿಟ್ಟು ಹೇಳಿ. ಸರ್ವನಾಮವನ್ನು ಬೇಕೆಂದೇ ಬಿಟ್ಟು ಹೇಳಿ. ಆಗ ಪ್ರತ್ಯಯ ತಪ್ಪಿದರೆ ನಿಮಗೇ ಕೇಳಿಸುತ್ತದೆ, ಯಾಕೆಂದರೆ ಯಾರು ಅಂತ ಹೇಳುವುದಕ್ಕೆ ವಾಕ್ಯದಲ್ಲಿ ಅದನ್ನು ಬಿಟ್ಟು ಬೇರೇನೂ ಇರುವುದಿಲ್ಲ.